ಒಂದು ಕಂತು ಪೂರ್ತಿ ಹಾಡಿನಲ್ಲೇ: ಎಲ್ಲಿಂದ ಶುರು ಮಾಡಬೇಕು, ಎಲ್ಲಿ ಕೆಡುತ್ತದೆ?

ಪ್ರಶ್ನೆ: ಗಂಗಾವತಿ ಕಡೆಯ ಗೆಳೆಯರು ಸೇರಿ ಯೂಟ್ಯೂಬ್‌ಗೆಂದು 12 ಕಂತಿನ ಸರಣಿ ಮಾಡುತ್ತಿದ್ದೇವೆ. ಕತೆ ಒಂದು ರೈಸ್‌ಮಿಲ್ ಮನೆಯದು: ಅವ್ವ, ಇಬ್ಬರು ಗಂಡುಮಕ್ಕಳು, ಹಿರಿ ಸೊಸೆ, ಮಿಲ್ಲಿನ ಹಮಾಲರು. ಅಣ್ಣ ತಮ್ಮನಿಗೆ ಹೇಳದೆ ಮಿಲ್ಲಿನ ಪತ್ರ ಅಡ ಇಟ್ಟಿರುತ್ತಾನೆ. ಅದು 9ನೇ ಕಂತಿನಲ್ಲಿ ಬಯಲಾಗಬೇಕು. ಇಂಗ್ಲಿಷ್ ಸರಣಿಗಳಲ್ಲಿ ಒಂದು ಕಂತು ಪೂರ್ತಿ ಹಾಡಿನಲ್ಲೇ ಬರುತ್ತದಲ್ಲ, ಈ ಕಂತನ್ನು ಹಾಗೆ ಮಾಡುವ ಆಸೆ. ಆದರೆ ನಮ್ಮ ನಟರಲ್ಲಿ ಹಾಡು ಬರುವವರು ಇಬ್ಬರೇ. ಎರಡು ಮೊಬೈಲು, ಒಂದು ಲ್ಯಾಪ್‌ಟಾಪ್, ಒಂದು ಒಳ್ಳೆಯ ಮೈಕ್ ಇವೆ. ಹಳೆಯ ಸಿನಿಮಾ ಹಾಡು ಬಳಸಬಹುದೇ? ಎಲ್ಲ ಸೇರಿ ಕಂಪನಿ ನಾಟಕದ ಹಾಗೆ ಕಾಣಿಸಿಬಿಟ್ಟರೆ ಎಂಬ ಭಯವೂ ಇದೆ.

ಉತ್ತರ: ಕೊನೆಯ ಭಯವನ್ನೇ ಮೊದಲು ತೆಗೆದುಕೊಳ್ಳೋಣ, ಏಕೆಂದರೆ ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ಕಂಪನಿ ನಾಟಕದಲ್ಲಿ ಹಾಡು ಚೆನ್ನಾಗಿ ಬಂದರೆ ಸಭೆಯಿಂದ ‘ವನ್ಸ್ ಮೋರ್’ ಕೂಗು ಬೀಳುತ್ತಿತ್ತು, ನಟರು ಮತ್ತೆ ಹಾಡುತ್ತಿದ್ದರು, ಕತೆ ಅಲ್ಲೇ ಕಾದು ನಿಲ್ಲುತ್ತಿತ್ತು. ಅದು ಆ ರಂಗಭೂಮಿಯ ದೋಷವಲ್ಲ, ಅದರ ರುಚಿ. ರಂಗನಟಿ, ಗಾಯಕಿ ಸುಭದ್ರಮ್ಮ ಮನ್ಸೂರರಂಥವರು ಬಳ್ಳಾರಿಯಲ್ಲಿ ರಂಗಗೀತೆಗೆ ತಂದುಕೊಟ್ಟ ಗೌರವ ಬಂದದ್ದೇ ಆ ದಾರಿಯಲ್ಲಿ. ಆದರೆ ಮೊಬೈಲಿನಲ್ಲಿ ಸರಣಿ ನೋಡುವವರ ಹೆಬ್ಬೆರಳು ಸದಾ ಮುಂದಕ್ಕೆ ತಳ್ಳಲು ಸಿದ್ಧವಾಗಿರುತ್ತದೆ. ಇಲ್ಲಿ ಕತೆ ಕಾಯುವಂತಿಲ್ಲ. ಆದ್ದರಿಂದ ಒಂದೇ ಪರೀಕ್ಷೆ ಇಟ್ಟುಕೊಳ್ಳಿ: ಹಾಡನ್ನು ಕಿತ್ತು ತೆಗೆದರೆ ಕತೆಗೆ ಏನೂ ಆಗುವುದಿಲ್ಲವೆಂದರೆ ಆ ಹಾಡು ಬೇಡ. ಹಾಡು ಶುರುವಾದಾಗ ಯಾರಿಗೋ ಗೊತ್ತಿರದಿದ್ದ ಸಂಗತಿ, ಮುಗಿಯುವ ಹೊತ್ತಿಗೆ ಗೊತ್ತಾಗಿರಬೇಕು. ಇದೊಂದು ಪಾಲಿಸಿದರೆ ವೇಷಭೂಷಣ, ರಾಗ, ಕುಣಿತ ಹೇಗೇ ಇದ್ದರೂ ಕಂತು ನಿಲ್ಲುತ್ತದೆ.

ಹೆಸರು ಮಾಡಿದ ಇಂಥ ಕಂತುಗಳನ್ನು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ: ಹೆಚ್ಚಿನವು ‘ಇವರು ಯಾಕೆ ಹಾಡುತ್ತಿದ್ದಾರೆ’ ಎಂಬ ಪ್ರಶ್ನೆಗೆ ಕತೆಯೊಳಗೇ ಉತ್ತರ ಕೊಟ್ಟಿವೆ. ‘ಬಫಿ ದ ವ್ಯಾಂಪೈರ್ ಸ್ಲೇಯರ್’ ಸರಣಿಯ ‘ವನ್ಸ್ ಮೋರ್, ವಿತ್ ಫೀಲಿಂಗ್’ ಕಂತು 2001ರ ನವೆಂಬರ್ 6ರಂದು ಪ್ರಸಾರವಾಯಿತು. ಅಲ್ಲಿ ಒಂದು ಪಿಶಾಚಿಯ ಪ್ರಭಾವದಿಂದ ಊರಿನ ಜನ ತಮ್ಮ ಒಳಗುಟ್ಟನ್ನು ಹಾಡಿಬಿಡುತ್ತಾರೆ, ತಡೆಯಲು ಆಗುವುದಿಲ್ಲ. ಸತ್ತ ನಾಯಕಿಯನ್ನು ಗೆಳೆಯರು ಬದುಕಿಸಿ ತಂದಿರುತ್ತಾರೆ, ನರಕದಿಂದ ಪಾರು ಮಾಡಿದೆವೆಂದು ನಂಬಿರುತ್ತಾರೆ. ಆಕೆ ಇದ್ದದ್ದು ಸ್ವರ್ಗದಲ್ಲಿ ಎಂಬುದು ಹಾಡಿನಲ್ಲಿ ಹೊರಬೀಳುತ್ತದೆ. ಮಾತಿನಲ್ಲಿ ಆಕೆ ಅದನ್ನು ಆ ಗೆಳೆಯರಿಗೆ ಎಂದೂ ಹೇಳುತ್ತಿರಲಿಲ್ಲ. ‘ಸ್ಕ್ರಬ್ಸ್’ ಸರಣಿಯ ‘ಮೈ ಮ್ಯೂಸಿಕಲ್’ (2007ರ ಜನವರಿ) ಇನ್ನೊಂದು ದಾರಿ ಹಿಡಿಯಿತು: ಮೆದುಳಿನ ರಕ್ತನಾಳ ಉಬ್ಬಿದ ರೋಗಿಯೊಬ್ಬಳಿಗೆ ಎಲ್ಲರ ಮಾತೂ ಹಾಡಾಗಿ ಕೇಳಿಸುತ್ತದೆ. ಆಸ್ಪತ್ರೆಯವರು ಮಾತಾಡುತ್ತಲೇ ಇರುತ್ತಾರೆ, ನಾವು ಮಾತ್ರ ಆಕೆಯ ಕಿವಿಯಿಂದ ಕೇಳುತ್ತೇವೆ. ‘ಸ್ಟಾರ್ ಟ್ರೆಕ್: ಸ್ಟ್ರೇಂಜ್ ನ್ಯೂ ವರ್ಲ್ಡ್ಸ್’ ಸರಣಿಯ ‘ಸಬ್‌ಸ್ಪೇಸ್ ರ‍್ಯಾಪ್ಸಡಿ’ (2023ರ ಆಗಸ್ಟ್ 3) ಕಂತಿನಲ್ಲಿ ಬಾಹ್ಯಾಕಾಶದ ಒಂದು ವಿದ್ಯಮಾನ ನೌಕೆಯವರನ್ನೆಲ್ಲ ಹಾಡಿಸುತ್ತದೆ. ಗುಟ್ಟು ರಟ್ಟಾಗುವುದೇ ಅಪಾಯ, ಕೊನೆಗೆ ಎಲ್ಲರೂ ಒಟ್ಟಾಗಿ ಹಾಡುವುದೇ ಬಿಡುಗಡೆ.

ಇದಕ್ಕೆ ಹೋಲಿಸಿದರೆ ‘ಗ್ರೇಸ್ ಅನಾಟಮಿ’ಯ 2011ರ ಹಾಡಿನ ಕಂತು ನನಗೆ ಸಡಿಲವಾಗಿ ಕಾಣುತ್ತದೆ. ಕಾರಣ ಅಲ್ಲೂ ಇದೆ: ಅಪಘಾತವಾಗಿ ಸಾವಿನಂಚಿನಲ್ಲಿರುವವಳ ಮನಸ್ಸಿನೊಳಗೆ ಹಾಡು ನಡೆಯುತ್ತದೆ. ಆ ಪಾತ್ರ ಮಾಡಿದ ಸಾರಾ ರಮಿರೆಜ್ ರಂಗಭೂಮಿಯ ಟೋನಿ ಪ್ರಶಸ್ತಿ ಪಡೆದ ಕಲಾವಿದರು. ಆದರೆ ಹಾಡುಗಳು ಸರಣಿಯಲ್ಲಿ ಮೊದಲೇ ಕೇಳಿದ್ದ ಜನಪ್ರಿಯ ಹಾಡುಗಳು. ಪರಿಚಿತ ಹಾಡು ಬಂದ ಕೂಡಲೇ ಕೇಳುವವರ ಗಮನ ಪಾತ್ರದಿಂದ ಹಾಡಿನ ನೆನಪಿಗೆ ಜಾರುತ್ತದೆ. ನಿಮ್ಮ ‘ಹಳೆಯ ಸಿನಿಮಾ ಹಾಡು ಬಳಸಬಹುದೇ’ ಎಂಬ ಪ್ರಶ್ನೆಗೆ ಕಲೆಯ ಕಡೆಯಿಂದ ಇದೇ ಉತ್ತರ. ಕಾನೂನಿನ ಕಡೆಯದನ್ನು ಮುಂದೆ ಹೇಳುತ್ತೇನೆ.

9ನೇ ಕಂತು ಎಂಬ ಆಯ್ಕೆ ಸರಿಯಾಗಿದೆ. ಮೇಲೆ ಹೇಳಿದ ‘ಬಫಿ’ ಕಂತು 6ನೇ ಸೀಸನ್ನಿನದು, ‘ಸ್ಕ್ರಬ್ಸ್’ನದೂ 6ನೇ ಸೀಸನ್ನಿನದು, ‘ಸ್ಟಾರ್ ಟ್ರೆಕ್’ನದು 2ನೇ ಸೀಸನ್ನಿನ 9ನೆಯದು. ಪಾತ್ರ ಹೇಗೆ ಮಾತಾಡುತ್ತದೆ ಎಂಬುದು ನೋಡುವವರಿಗೆ ರೂಢಿಯಾದ ಮೇಲೆಯೇ ಅದು ಹಾಡಿದಾಗ ಏನು ಬದಲಾಯಿತು ಎಂಬುದು ಕೇಳಿಸುತ್ತದೆ. ಮೊದಲ ಕಂತಿನಿಂದಲೇ ಹಾಡಿಸಲು ಹೋದ ಪೊಲೀಸ್ ಸರಣಿ ‘ಕಾಪ್ ರಾಕ್’ (1990) 11 ಕಂತಿಗೇ ನಿಂತುಹೋಯಿತು.

ಇನ್ನು ನಿಮ್ಮ ಕಂತಿಗೆ ಕಾರಣ. ಪಿಶಾಚಿ, ಬಾಹ್ಯಾಕಾಶ ಯಾವುದೂ ಬೇಕಿಲ್ಲ. ನಿಮ್ಮ ನೆಲದಲ್ಲೇ ಅದಕ್ಕಿಂತ ಗಟ್ಟಿ ಕಾರಣವಿದೆ. ದೊಡ್ಡಾಟದಲ್ಲಿ (ನಿಮ್ಮ ಕಡೆಯ ಹಾಡು, ಕುಣಿತದ ಬಯಲಾಟ) ಪಾತ್ರ ರಂಗಕ್ಕೆ ಬಂದ ಕೂಡಲೇ ಆಟ ನಡೆಸುವ ಸಾರಥಿ ತಡೆದು ಕೇಳುತ್ತಾನೆ: ನೀವು ಯಾರು, ಯಾವ ಊರು, ಇಲ್ಲಿಗೆ ಬಂದ ಕಾರಣವೇನು? ಪಾತ್ರ ಉತ್ತರ ಹೇಳಲೇಬೇಕು, ಹಿಮ್ಮೇಳದೊಂದಿಗೆ ಪದದಲ್ಲಿ ಹೇಳಬೇಕು. ಮಿಲ್ಲಿನ ಕಣದಲ್ಲಿ ಹಮಾಲರು ದೊಡ್ಡಾಟದ ತಾಲೀಮು ನಡೆಸುತ್ತಿದ್ದಾರೆ ಎಂದಿಟ್ಟುಕೊಳ್ಳಿ. ಆ ರಾತ್ರಿ ಮದ್ದಳೆ ಕೇಳಿಸಿದವರಿಗೆಲ್ಲ ಒಂದೇ ನಿಯಮ: ಸಾರಥಿ ಕೇಳಿದರೆ ಉತ್ತರವನ್ನು ಹಾಡಬೇಕು, ಹಾಡಿನಲ್ಲಿ ಸುಳ್ಳು ಬರುವುದಿಲ್ಲ. ಪತ್ರ ಅಡ ಇಟ್ಟ ಅಣ್ಣ ಇಡೀ ಕಂತು ಸಾರಥಿಯ ಕಣ್ಣು ತಪ್ಪಿಸಿ ಓಡಾಡಬೇಕಾಗುತ್ತದೆ. ಕತೆಯ ಓಟ ಅಲ್ಲೇ ಸಿಕ್ಕಿತು. ನಿಯಮವನ್ನು ಮೊದಲ ಮೂರು ನಿಮಿಷದೊಳಗೆ, ಒಂದೇ ವಾಕ್ಯದಲ್ಲಿ, ಯಾರಾದರೂ ಬಾಯಿಬಿಟ್ಟು ಹೇಳಲಿ. ಹೇಳಿದ ಮೇಲೆ ನೀವೇ ಅದನ್ನು ಮುರಿಯಬೇಡಿ. ಒಬ್ಬರು ಮದ್ದಳೆ ಇಲ್ಲದೆ ಹಾಡಿದರೂ ನೋಡುವವರು ನಿಯಮವನ್ನು ನಂಬುವುದು ಬಿಡುತ್ತಾರೆ. ಒಂದು ವಿನಂತಿ: ನಿಜವಾದ ಮೇಳದವರನ್ನೇ ಕರೆಯಿರಿ, ಅವರ ಆಟವನ್ನು ನಗೆಗೆ ಬಳಸಬೇಡಿ. ಗಣಪತಿ ಸ್ತುತಿಯಿಂದ ತಾಲೀಮು ಶುರು ಮಾಡುವ ಪದ್ಧತಿ ಇದ್ದರೆ ಅದಕ್ಕೆ ಸಮಯ ಬಿಡಿ.

ಹಾಡಿನ ಸಂಖ್ಯೆಯಲ್ಲಿ ಜಿಪುಣರಾಗಿ. 24 ನಿಮಿಷದ ಕಂತಿಗೆ ಐದಾರು ಹಾಡು, ಒಟ್ಟು 11ರಿಂದ 12 ನಿಮಿಷ ಸಾಕು. ಒಂದು ಹಾಡಿನ ಅಳತೆ ಹೀಗೆ ಹಾಕಿ: ನಾಲ್ಕು ಎಣಿಕೆಯ ಆವರ್ತ (ತಾಳದ ಒಂದು ಸುತ್ತು), ಪಲ್ಲವಿಗೆ 8 ಆವರ್ತ, ಚರಣಕ್ಕೆ 16, ಮತ್ತೆ ಪಲ್ಲವಿ 8, ಒಟ್ಟು 32 ಆವರ್ತ. ನಿಮಿಷಕ್ಕೆ 90 ಎಣಿಕೆಯ ಲಯದಲ್ಲಿ ಅದು ಸುಮಾರು 85 ಸೆಕೆಂಡ್. ಎರಡು ಚರಣ ಸೇರಿಸಿದರೆ ಎರಡು ನಿಮಿಷ ದಾಟುತ್ತದೆ. ಎರಡನೇ ಚರಣದಲ್ಲಿ ಹೊಸ ಸಂಗತಿ ಇಲ್ಲದಿದ್ದರೆ ಅದನ್ನು ಬರೆಯಲೇಬೇಡಿ.

ನಿಮ್ಮ ಕತೆಗೆ ನಾನು ಹಾಕುವ ಸಾಲು ಹೀಗಿರುತ್ತದೆ. ಮೊದಲದು ಹಮಾಲರ ಗುಂಪು ಹಾಡು. ನಿಯಮ ಅಲ್ಲೇ ಜಾರಿಗೆ ಬರುತ್ತದೆ, ಮಿಲ್ಲಿನಲ್ಲಿ ಯಾರಿಗೆ ಯಾರ ಮೇಲೆ ಸಿಟ್ಟಿದೆ ಎಂಬುದೂ ಗೊತ್ತಾಗುತ್ತದೆ. ಎರಡನೆಯದು ಅತ್ತಿಗೆಯದು: ಖಾತೆ ಪುಸ್ತಕದ ಲೆಕ್ಕ ಹಾಡುತ್ತ ಹಾಡುತ್ತ ಒಂದು ಮೊತ್ತ ಹೊಂದುವುದಿಲ್ಲ ಎಂದು ಆಕೆಗೇ ತಿಳಿಯುತ್ತದೆ. ಮೂರನೆಯದು ಅಣ್ಣ ತಮ್ಮಂದಿರದು. ತಮ್ಮ ಕೇಳುತ್ತಾನೆ, ಅಣ್ಣ ಹಾಡದೆ ಮಾತಿನಲ್ಲೇ ಉತ್ತರಿಸಿ ತಪ್ಪಿಸಿಕೊಳ್ಳುತ್ತಾನೆ. ಹಾಡಿನ ಕಂತಿನಲ್ಲಿ ಹಾಡಲು ಒಪ್ಪದವನ ಮೇಲೆ ಎಲ್ಲರ ಕಣ್ಣೂ ನೆಡುತ್ತದೆ. ನಾಲ್ಕನೆಯದು ಅವ್ವನದು: ದೂರದ ಮದ್ದಳೆ ಬಿಟ್ಟರೆ ಬೇರೆ ವಾದ್ಯವಿಲ್ಲದೆ, 40 ಸೆಕೆಂಡು, ಆಕೆಗೆ ಮೊದಲೇ ಗೊತ್ತಿತ್ತು ಎಂಬುದಷ್ಟೇ. ಐದನೆಯದರಲ್ಲಿ ಅಣ್ಣ ಸಿಕ್ಕಿಬೀಳುತ್ತಾನೆ. ಹಿಂದಿನ ಹಾಡುಗಳ ಒಂದೊಂದು ಸಾಲು ಇದರಲ್ಲಿ ಮರಳಿ ಬಂದು ಒಂದರ ಮೇಲೊಂದು ಕೂರಬೇಕು. ಅದಕ್ಕಾಗಿ ಎಲ್ಲ ಹಾಡುಗಳನ್ನೂ ಮೊದಲೇ ಒಂದೇ ಲಯ ಅಥವಾ ಅದರ ಅರ್ಧ, ದುಪ್ಪಟ್ಟಿನಲ್ಲಿ, ಹೊಂದುವ ಸ್ವರಗಳಲ್ಲಿ ಕಟ್ಟಿರಬೇಕು. ಈ ಐದನೇ ಹಾಡನ್ನು ಎಲ್ಲಕ್ಕಿಂತ ಮೊದಲು ರಚಿಸಿ. ಕೊನೆಗೆ ಬರೆಯಲು ಹೋದರೆ ಯಾವ ಸಾಲೂ ಯಾವುದರ ಮೇಲೂ ಕೂರುವುದಿಲ್ಲ. ಇಂಥ ಕಂತುಗಳಲ್ಲಿ ಸಂಗೀತಗಾರರು ಹೆಚ್ಚು ಒದ್ದಾಡುವುದು ಇಲ್ಲಿಯೇ.

ಸಾಹಿತ್ಯವನ್ನು ನಿಮ್ಮ ಸರಣಿಯ ಮಾತಿನ ಕನ್ನಡದಲ್ಲೇ ಬರೆಯಿರಿ. ಎಂಟು ಕಂತು ‘ಯಾಕ ಹಿಂಗ ಮಾಡಿದಿ’ ಎಂದವನು ಒಂಬತ್ತನೆಯದರಲ್ಲಿ ‘ಏಕೆ ಹೀಗೆ ಮಾಡಿದೆ’ ಎಂದು ಹಾಡಿದರೆ ಪಾತ್ರ ಸತ್ತಂತೆ. ಅದೃಷ್ಟಕ್ಕೆ ನಿಮ್ಮ ಕಡೆಯ ಕ್ರಿಯಾಪದಗಳು ಹಾಡಿಗೆ ಒಗ್ಗುತ್ತವೆ: ಬಂದಾನ, ಹೋಗ್ಯಾಳ, ಕೊಟ್ಟಾರ ಎಂಬಲ್ಲಿ ದೀರ್ಘ ಇದೆ, ಆ ದೀರ್ಘವನ್ನು ಎಷ್ಟು ಎಳೆದರೂ ಪದ ಕೆಡುವುದಿಲ್ಲ. ಹ್ರಸ್ವವನ್ನು ಎಳೆದರೆ ಕೆಡುತ್ತದೆ, ಒತ್ತಕ್ಷರದ ಮೇಲೆ ಸ್ವರ ನಿಲ್ಲಿಸಿದರೆ ಗಂಟಲು ಬಿಗಿಯುತ್ತದೆ. ಉದ್ದ ಸ್ವರವಿರುವ ಕಡೆ ಆಕಾರ, ಓಕಾರ ಬರುವಂತೆ ನೋಡಿಕೊಳ್ಳಿ. ಒಂದೇ ಉಸಿರಿನ ಸಾಲು ಆರೇಳು ಸೆಕೆಂಡು ದಾಟಬಾರದು. ಹಾಡು ಕಲಿಯದವರು ಅದಕ್ಕಿಂತ ಮುಂದೆ ಉಸಿರು ಕದಿಯುತ್ತಾರೆ, ಲಯ ಜಾರುತ್ತದೆ.

ಹಾಡು ಬಾರದ ನಟರ ಬಗ್ಗೆ ಅಷ್ಟು ಚಿಂತೆ ಬೇಡ. ‘ಬಫಿ’ ಕಂತಿನಲ್ಲಿ ನಟರೇ ಹಾಡಿದರು. ಹಾಡಲು ಹಿಂಜರಿದ ಅಲಿಸನ್ ಹ್ಯಾನಿಗನ್ ಅವರಿಗೆ ಕೆಲವೇ ಸಾಲು ಕೊಟ್ಟರು, ಮಿಷೆಲ್ ಟ್ರ್ಯಾಕ್ಟನ್‌ಬರ್ಗ್ ಅವರಿಗೆ ಹಾಡಿನ ಬದಲು ಹೆಚ್ಚಾಗಿ ನೃತ್ಯ ಕೊಟ್ಟರು, ಭಾರವೆಲ್ಲ ಹಾಡು ಬಲ್ಲವರ ಮೇಲೆ ಬಿತ್ತು. ‘ಜೀನಾ’ ಸರಣಿಯ 1998ರ ‘ದ ಬಿಟರ್ ಸೂಟ್’ ಕಂತಿನಲ್ಲಿ ನಾಯಕಿ ಲೂಸಿ ಲಾಲೆಸ್ ತಾವೇ ಹಾಡಿದರು, ಗೇಬ್ರಿಯಲ್ ಪಾತ್ರಕ್ಕೆ ಬೇರೆ ಗಾಯಕಿಯ ಕಂಠ ಕೂಡಿಸಿದರು. ಎರಡೂ ದಾರಿ ನಿಮಗೆ ತೆರೆದಿವೆ. ನನ್ನ ಮತ ನಟರ ಸ್ವಂತ ಕಂಠಕ್ಕೆ. ಎಂಟು ಕಂತು ಕೇಳಿದ ದನಿ ಒಮ್ಮೆಲೇ ಬದಲಾದರೆ ಅದು ಸಿನಿಮಾ ಹಾಡಾಗುತ್ತದೆ, ಆ ಪಾತ್ರದ ಮಾತಾಗಿ ಉಳಿಯುವುದಿಲ್ಲ.

ಶ್ರುತಿ ಹಿಡಿಯುವ ಕ್ರಮ ಸುಲಭ. ನಟನಿಗೆ ಹಾಡಿನ ಸಾಲನ್ನು ಸಿಟ್ಟಿನಲ್ಲಿ ಒಮ್ಮೆ, ಮೆಲ್ಲಗೆ ಒಮ್ಮೆ ಬರೀ ಮಾತಿನಲ್ಲಿ ಹೇಳಲು ಹೇಳಿ. ಹಾರ್ಮೋನಿಯಂನಲ್ಲಿ ಆ ಎರಡು ದನಿಗಳ ಮನೆ, ಅಂದರೆ ಕೀಲಿ, ಹುಡುಕಿ. ಅವೆರಡರ ನಡುವಿನ ಐದಾರು ಸ್ವರಗಳೇ ಅವರ ಹಾಡಿನ ಅಂಗಳ, ಅದರಾಚೆ ಹೋಗಬೇಡಿ. ಕಲಿಯದ ಗಂಡಸರಿಗೆ ಸಾಮಾನ್ಯವಾಗಿ ಬಿಳಿ 1ರಿಂದ ಬಿಳಿ 2, ಹೆಂಗಸರಿಗೆ ಬಿಳಿ 4ರಿಂದ ಬಿಳಿ 6 ಷಡ್ಜವಾಗಿ (ಆಧಾರ ಸ್ವರ ‘ಸ’) ಹೊಂದುತ್ತದೆ, ಬಿಳಿ 1 ಎಂದರೆ ಹಾರ್ಮೋನಿಯಂನ ಸಿ ಕೀಲಿ. ಅತ್ತಿಗೆ ಮತ್ತು ಮೈದುನ ಒಂದೇ ಹಾಡಿನಲ್ಲಿ ಬಂದರೆ ಇಬ್ಬರಿಗೂ ಒಂದೇ ಶ್ರುತಿ ಕಷ್ಟ. ಆಕೆಯ ಚರಣಕ್ಕೆ ಮಧ್ಯಮ ಶ್ರುತಿಗೆ ಬದಲಿಸಿ, ಅಂದರೆ ಅವನ ಮಧ್ಯಮವೇ ಆಕೆಯ ಷಡ್ಜ. ಬಿಳಿ 1ರಲ್ಲಿ ಅವನು ಹಾಡಿದರೆ ಆಕೆ ತಾನಾಗಿ ಬಿಳಿ 4ಕ್ಕೆ ಬರುತ್ತಾಳೆ. ಸ್ವರ ತಿದ್ದುವ ತಂತ್ರಾಂಶವನ್ನು ನಿಂತ ಸ್ವರಗಳಿಗೆ ಮಾತ್ರ ಬಳಸಿ. ಜಾರುವ ಸ್ವರಗಳನ್ನೂ ತಿದ್ದಿದರೆ ದನಿ ತಗಡಿನಂತಾಗುತ್ತದೆ.

ಕೆಲಸದ ಸರದಿ ಯಾವ ಕಾರಣಕ್ಕೂ ತಿರುಗುಮುರುಗಾಗಬಾರದು. ಮೊದಲು ಹಾರ್ಮೋನಿಯಂ ಮತ್ತು ಕ್ಲಿಕ್ (ಲಯ ತೋರಿಸುವ ಟಿಕ್ ಟಿಕ್) ಮಾತ್ರ ಇರುವ ಕಚ್ಚಾ ಟ್ರ್ಯಾಕ್. ಅದರ ಮೇಲೆ ಕನಿಷ್ಠ ಹತ್ತು ದಿನ ಅಭ್ಯಾಸ. ಆಮೇಲೆ ಲಯ, ಶ್ರುತಿ, ಉದ್ದ ಮೂರಕ್ಕೂ ಬೀಗ. ಆಮೇಲೆ ಅಂತಿಮ ಕಂಠ ರೆಕಾರ್ಡಿಂಗ್. ಆಮೇಲಷ್ಟೇ ಶೂಟಿಂಗ್. ವಾದ್ಯಗಳನ್ನು ಶೂಟಿಂಗ್ ಮುಗಿದ ಮೇಲೂ ಸೇರಿಸಬಹುದು, ಕಂಠ ಮತ್ತು ಲಯ ಮಾತ್ರ ಕದಲಬಾರದು. ಶೂಟಿಂಗ್ ಆದ ಮೇಲೆ ‘ಹಾಡು ಸ್ವಲ್ಪ ಜೋರಾಗಿ ಓಡಲಿ’ ಎಂದು ಲಯ ಏರಿಸಿದರೆ ಒಂದು ತುಟಿಯೂ ಕೂಡುವುದಿಲ್ಲ.

ಲಯ ಆರಿಸುವಾಗ ಒಂದು ಉಪಾಯ. ವಿಡಿಯೊ ಸೆಕೆಂಡಿಗೆ 25 ಫ್ರೇಮ್ ಇರಲಿ. ನಮ್ಮ ಕರೆಂಟು 50 ಹರ್ಟ್ಸ್ ಆದ್ದರಿಂದ, ಶಟರ್ (ಒಂದೊಂದು ಫ್ರೇಮಿಗೆ ಬೆಳಕು ಬೀಳುವ ಹೊತ್ತು) ಸೆಕೆಂಡಿನ 50ನೇ ಒಂದು ಭಾಗದಲ್ಲಿಟ್ಟರೆ ಮಿಲ್ಲಿನ ದೀಪಗಳ ಮಿಣುಕು ಬಹುಪಾಲು ತಪ್ಪುತ್ತದೆ. ಈಗ 1500 ಅನ್ನು ನಿಮ್ಮ ಲಯದ ಸಂಖ್ಯೆಯಿಂದ ಭಾಗಿಸಿ, ಒಂದು ಎಣಿಕೆಗೆ ಎಷ್ಟು ಫ್ರೇಮ್ ಎಂಬುದು ಸಿಗುತ್ತದೆ. 75ಕ್ಕೆ 20, 100ಕ್ಕೆ 15, 125ಕ್ಕೆ 12. ಹೀಗೆ ಪೂರ್ಣ ಸಂಖ್ಯೆ ಬರುವ ಲಯ ಆರಿಸಿದರೆ ಎಡಿಟಿಂಗಿನಲ್ಲಿ ತಾಳಕ್ಕೆ ಸರಿಯಾಗಿ ಕತ್ತರಿಸಬಹುದು. 120 ಹಿಡಿದರೆ ಹನ್ನೆರಡೂವರೆ ಬರುತ್ತದೆ, ಪ್ರತಿ ಎರಡನೇ ಕಟ್ ಅರ್ಧ ಫ್ರೇಮ್ ಆಚೀಚೆ. ಅದರಿಂದ ಕಂತೇನೂ ಹಾಳಾಗದು, ಆದರೆ ಇನ್ನೂ ಲಯ ನಿಶ್ಚಯವಾಗಿಲ್ಲದಿದ್ದಾಗ ಸುಲಭದ್ದನ್ನೇ ಆರಿಸುವುದು ಜಾಣತನ.

ಕಂಠ ರೆಕಾರ್ಡಿಂಗಿಗೆ ಸ್ಟುಡಿಯೊ ಸಿಗದಿದ್ದರೆ ಬಟ್ಟೆ ತುಂಬಿದ ಸಣ್ಣ ಕೋಣೆ, ಗೋಡೆಗೆ ಗಾದಿ, ಹಾಡುವವರ ಬೆನ್ನಿಗೆ ಕಂಬಳಿ. ಮೈಕಿಗೂ ಬಾಯಿಗೂ 15ರಿಂದ 20 ಸೆಂಟಿಮೀಟರ್ ಅಂತರ. 48 ಕಿಲೋಹರ್ಟ್ಸ್, 24 ಬಿಟ್ ವೇವ್ ಫೈಲ್. ದನಿ ಜೋರಾದಾಗಲೂ ಮೀಟರ್ ಮೈನಸ್ 6 ಡೆಸಿಬೆಲ್ ದಾಟದಿರಲಿ. ಫ್ಯಾನು, ಇನ್ವರ್ಟರ್, ಫ್ರಿಜ್ಜು ಬಂದ್ ಮಾಡಬೇಕಾದ್ದರಿಂದ ಬೇಸಿಗೆಯಾದರೆ ನಸುಕಿನಲ್ಲೇ ಮುಗಿಸಿ. ಮಧ್ಯಾಹ್ನದ ಸೆಕೆಯಲ್ಲಿ ಬಾಗಿಲು ಹಾಕಿಕೊಂಡು ಹತ್ತು ಟೇಕ್ ಹಾಡಿದರೆ ಯಾರ ಗಂಟಲೂ ಉಳಿಯದು. ಫೈಲ್ ಎಲ್ಲೋ ಒಂದು ಕಡೆ 44.1 ಕಿಲೋಹರ್ಟ್ಸ್ ಆಗಿ, ಅದನ್ನು 48 ಎಂದು ತಪ್ಪಾಗಿ ಓದಿಸಿದರೆ ಹಾಡು ಶೇ. 9ರಷ್ಟು ವೇಗವಾಗಿ, ಶ್ರುತಿ ಸುಮಾರು ಒಂದೂವರೆ ಮನೆ ಮೇಲಕ್ಕೆ ಹೋಗುತ್ತದೆ. ‘ಯಾಕೋ ದನಿ ಚಿಕ್ಕ ಮಕ್ಕಳದಾಯಿತು’ ಎಂದು ಅನಿಸಿದರೆ ಮೊದಲು ಇದನ್ನು ನೋಡಿ.

ಈಗ ಅತಿ ಹೆಚ್ಚು ಕಂತುಗಳು ಬೀಳುವ ಜಾಗಕ್ಕೆ ಬರೋಣ: ಮಾತು ಮುಗಿದು ಹಾಡು ಶುರುವಾಗುವ ಆ ಎರಡು ಸೆಕೆಂಡು. ಮಾತು ಮಿಲ್ಲಿನ ಅಂಗಳದಲ್ಲಿ ರೆಕಾರ್ಡ್ ಆಗಿರುತ್ತದೆ. ಹಿಂದೆ ಗುಬ್ಬಿ, ಲಾರಿ, ತಗಡಿನ ಛಾವಣಿಯ ಮಾರ್ದನಿ ಇರುತ್ತದೆ. ಹಾಡು ಗಾದಿ ಕಟ್ಟಿದ ಕೋಣೆಯದು. ಒಂದರಿಂದ ಇನ್ನೊಂದಕ್ಕೆ ಹಾರಿದ ಕೂಡಲೇ ಕೇಳುವವರ ಕಿವಿ ‘ಇಲ್ಲಿಂದ ಹಾಡು ಹಾಕಿದರು’ ಎಂದು ಹೇಳಿಬಿಡುತ್ತದೆ. ಕಂಪನಿ ನಾಟಕದಂತೆ ಕಾಣುತ್ತದೆ ಎಂದು ನೀವು ಹೆದರುವ ಆ ಭಾವ ಹುಟ್ಟುವುದು ಬಹುಮಟ್ಟಿಗೆ ಈ ಬಿರುಕಿನಿಂದ.

ಮುಚ್ಚುವ ದಾರಿಗಳಿವೆ, ಎಲ್ಲವನ್ನೂ ಒಟ್ಟಿಗೆ ಬಳಸಿ. ಹಾಡಿಗೆ ಮುಂಚಿನ ಎರಡು ಮೂರು ಮಾತನ್ನು ಕಂಠ ರೆಕಾರ್ಡ್ ಮಾಡಿದ ಅದೇ ಕೋಣೆಯಲ್ಲಿ, ಅದೇ ಮೈಕಿನಲ್ಲಿ ಮತ್ತೆ ಹೇಳಿಸಿ ಇಟ್ಟುಕೊಳ್ಳಿ. ಆಗ ಬಿರುಕು ಮಾತಿನ ಮಧ್ಯೆ ಎಲ್ಲೋ ಮರೆಯಾಗುತ್ತದೆ. ಶೂಟಿಂಗ್ ನಡೆದ ಪ್ರತಿ ಜಾಗದಲ್ಲೂ ಎಲ್ಲರೂ ಸುಮ್ಮನಿದ್ದು ಒಂದು ನಿಮಿಷ ಬರೀ ಆವರಣದ ಸದ್ದು ರೆಕಾರ್ಡ್ ಮಾಡಿ, ಅದನ್ನು ಹಾಡಿನ ಉದ್ದಕ್ಕೂ ತೆಳುವಾಗಿ ಹಾಸಿ. ಕಂಠಕ್ಕೆ ಕೊಡುವ ಮಾರ್ದನಿ ದೊಡ್ಡ ಸಭಾಂಗಣದ್ದಾಗಿರದೆ ಆ ಜಾಗದ್ದಾಗಿರಲಿ: ಗೋದಾಮಿನೊಳಗೆ ಒಂದು ಬಗೆ, ಬಯಲು ಕಣದಲ್ಲಿ ಹೆಚ್ಚುಕಡಿಮೆ ಏನೂ ಇಲ್ಲ. ವಾದ್ಯ ಹಾಡಿನೊಂದಿಗೆ ಶುರುವಾಗಬಾರದು. ನಾಲ್ಕು ಆವರ್ತ ಮೊದಲೇ, ಮಾತಿನ ಅಡಿಯಲ್ಲಿ ನುಸುಳಿರಬೇಕು. ನಿಮ್ಮ ಕಂತಿನಲ್ಲಿ ದೂರದ ತಾಲೀಮಿನ ಮದ್ದಳೆ ಆ ಕೆಲಸವನ್ನು ಸಹಜವಾಗಿ ಮಾಡುತ್ತದೆ. ಕೊನೆಯದಾಗಿ, ಹಾಡಿನ ಮೊದಲ ಸಾಲು ಅರ್ಧ ಮಾತೇ ಆಗಿರಲಿ, ಒಂದೇ ಸ್ವರದ ಮೇಲೆ, ಮಾತಿನ ಲಯದಲ್ಲಿ. ಎರಡನೇ ಸಾಲಿನಲ್ಲಿ ಸ್ವರ ಏರಲಿ. ದೊಡ್ಡಾಟದವರಿಗೆ ಮಾತಿನಿಂದ ಪದಕ್ಕೆ ಏರುವ ಈ ಮೆಟ್ಟಿಲು ನೂರಾರು ಸಲ ಹತ್ತಿದ ಅಭ್ಯಾಸವಿರುತ್ತದೆ. ಅವರ ಬಾಯಲ್ಲಿ ಕೇಳಿ, ನಿಮ್ಮ ನಟರಿಗೂ ಅವರಿಂದಲೇ ಹೇಳಿಸಿ.

ಅವ್ವನ ಹಾಡನ್ನು ಮಾತ್ರ ಜಾಗದಲ್ಲೇ ನೇರವಾಗಿ ರೆಕಾರ್ಡ್ ಮಾಡಿ. ಕಿವಿಯೊಳಗೆ ಸಣ್ಣ ಇಯರ್‌ಫೋನಿನಲ್ಲಿ ಶ್ರುತಿ ಮತ್ತು ಕ್ಲಿಕ್, ಸೀರೆಯ ಅಂಚಿನಲ್ಲಿ ಕಾಲರ್ ಮೈಕ್, ಸುತ್ತ ನಿಶ್ಶಬ್ದ. ಕ್ಲಿಕ್ ಇದ್ದರೆ ದೂರದ ಮದ್ದಳೆಯನ್ನು ಆಮೇಲೆ ಕೂಡಿಸಬಹುದು. ಉಳಿದ ಹಾಡುಗಳಿಗೆ ಇದು ಬೇಡ. ಓಡಾಟ, ಚೀಲ, ಗುಂಪು ಇರುವ ಕಡೆ ನೇರ ಕಂಠ ಉಸಿರುಬುಸಿರಾಗುತ್ತದೆ.

ಶೂಟಿಂಗಿನಲ್ಲಿ ಹಾಡು ಕೇಳಿಸುವ ಫೈಲಿನ ಆರಂಭದಲ್ಲಿ ಎರಡು ಆವರ್ತ ಬರೀ ಟಿಕ್ ಟಿಕ್ ಇರಲಿ, ನಟರಿಗೆ ಎಲ್ಲಿ ಬಾಯಿ ತೆರೆಯಬೇಕೆಂದು ತಿಳಿಯುತ್ತದೆ. ಚರಣಗಳಿಗೂ ಹೀಗೇ ಪ್ರತ್ಯೇಕ ಫೈಲ್ ಮಾಡಿಟ್ಟುಕೊಂಡರೆ ಪ್ರತಿ ಸಲ ಮೊದಲಿಂದ ಹಾಕಬೇಕಿಲ್ಲ. ಸ್ಪೀಕರ್ ವೈರಿನದೇ ಆಗಿರಲಿ. ಎರಡು ಬ್ಲೂಟೂತ್ ಸ್ಪೀಕರ್ ಇಟ್ಟರೆ ಎರಡೂ ಬೇರೆ ಬೇರೆ ತಡ ಮಾಡುತ್ತವೆ, ನಟರಿಗೆ ಎರಡು ಹಾಡು ಕೇಳಿಸುತ್ತದೆ. ಸ್ಪೀಕರನ್ನು ನಟರ ಹತ್ತಿರವೇ, ಫ್ರೇಮಿನ ಹೊರಗಿಡಿ. ಸದ್ದು ಒಂದು ಫ್ರೇಮಿನ ಅವಧಿಯಲ್ಲಿ ಸುಮಾರು 14 ಮೀಟರ್ ಮಾತ್ರ ಹೋಗುತ್ತದೆ. ಭತ್ತ ಒಣಗಿಸುವ ಕಣದ ಆ ತುದಿಯಲ್ಲಿ, 30 ಮೀಟರ್ ಆಚೆ ನಿಂತ ಹಮಾಲರು ಎರಡು ಫ್ರೇಮ್ ತಡವಾಗಿಯೇ ಹಾಡುತ್ತಾರೆ. ಅದು ಅವರ ತಪ್ಪಲ್ಲ. ನಟರು ಬರೀ ತುಟಿ ಆಡಿಸಬಾರದು, ಪೂರ್ತಿ ದನಿಯಲ್ಲಿ ಹಾಡಬೇಕು. ಕತ್ತಿನ ನರ, ಎದೆಯ ಉಸಿರು ಸುಳ್ಳು ಹೇಳುವುದಿಲ್ಲ.

ಮೊಬೈಲಿನ ದೊಡ್ಡ ತೊಂದರೆ ಅದು ಫ್ರೇಮ್ ದರವನ್ನು ತಾನೇ ಏರಿಸಿ ಇಳಿಸುವುದು. ಹಾಡಿನ ಮೊದಲಲ್ಲಿ ಕೂಡಿದ ತುಟಿ ಕೊನೆಗೆ ಜಾರಿರುತ್ತದೆ. ದರವನ್ನು ಸ್ಥಿರವಾಗಿಡುವ ಕ್ಯಾಮೆರಾ ಆ್ಯಪ್ ಬಳಸಿ, ಅದಾಗದಿದ್ದರೆ ಎಡಿಟಿಂಗಿಗೆ ಮೊದಲು ಸ್ಥಿರ 25ಕ್ಕೆ ಪರಿವರ್ತಿಸಿ. ಮೊಬೈಲಿನ ಮೈಕ್ ಬಂದ್ ಮಾಡಬೇಡಿ, ಆ ಒರಟು ಸದ್ದನ್ನು ನೋಡಿಯೇ ಮೂಲ ಹಾಡನ್ನು ಕೂಡಿಸಬೇಕು. ನಿಧಾನ ಚಲನೆಯಲ್ಲೂ ತುಟಿ ಕೂಡಬೇಕೆಂದರೆ 50 ಫ್ರೇಮಿನಲ್ಲಿ ತೆಗೆಯಿರಿ, ಹಾಡನ್ನು ದುಪ್ಪಟ್ಟು ವೇಗದಲ್ಲಿ ಹಾಕಿ, ಆಮೇಲೆ 25ರಲ್ಲಿ ಓಡಿಸಿ. ಒಂದು ಹಾಡಿಗೆ ದೂರದ ಶಾಟ್ ಪೂರ್ತಿ ಎರಡು ಸಲ, ಆಮೇಲೆ ಹತ್ತಿರದವು, ಕೊನೆಗೆ ಕೈ, ಕಣ್ಣು, ಚೀಲ. ಅರ್ಧ ದಿನಕ್ಕೆ ಒಂದು ಹಾಡಿಗಿಂತ ಹೆಚ್ಚು ಹಾಕಿಕೊಳ್ಳಬೇಡಿ. ಬಿಸಿಲಿನಲ್ಲಿ 4ಕೆ ಹಾಕಿದರೆ ಮೊಬೈಲು ಕಾದು ತಾನೇ ಬಂದ್ ಆಗುತ್ತದೆ, 1080ರಲ್ಲಿ ತೆಗೆದು ನೆರಳಲ್ಲಿಡಿ.

ಕುಣಿತ ಕಲಿಸಲು ಹೋಗಬೇಡಿ, ಕೆಲಸವನ್ನೇ ತಾಳಕ್ಕೆ ಕೂರಿಸಿ. ದಬ್ಬಣದಿಂದ ಚೀಲದ ಬಾಯಿ ಹೊಲಿಯುವುದು, ತೂಕಕ್ಕೆ ಏರಿಸುವುದು, ಹೆಗಲಿಗೆ ಕೊಡುವುದು, ಕಣದಲ್ಲಿ ಭತ್ತ ಎಳೆಯುವುದು, ಪ್ರತಿಯೊಂದನ್ನೂ ಎಂಟು ಎಣಿಕೆಗೆ ಹೊಂದಿಸಿ. ನಿಮ್ಮ ಕಡೆಯ 75 ಕಿಲೋ ಭತ್ತದ ಚೀಲವನ್ನು ನಟರಿಂದ ಹತ್ತು ಟೇಕ್ ಹೊರಿಸಲಾಗದು. ಹೊಟ್ಟು ತುಂಬಿ, ಬಾಯಿಯ ಹತ್ತಿರ ಮಾತ್ರ ಭತ್ತ ಹಾಕಿ. ಹೊರುವವರ ಮೊಣಕಾಲು ಬಾಗುವ ರೀತಿಯನ್ನು ನಿಜವಾದ ಹಮಾಲರಿಂದಲೇ ಕಲಿಯಲಿ, ಹಗುರ ಚೀಲ ಎತ್ತಿದ್ದು ಕಣ್ಣಿಗೆ ಕೂಡಲೇ ಗೊತ್ತಾಗುತ್ತದೆ. ಬೆಲ್ಟು ತಿರುಗುವ ಯಂತ್ರದ ಬಳಿ ಸೀರೆ, ಪಂಚೆ, ಶಲ್ಯ ಬೇಡ. ಅಲ್ಲಿ ಶೂಟ್ ಮಾಡುವುದಿದ್ದರೆ ಯಂತ್ರ ನಿಲ್ಲಿಸಿ. ಹಾಡು ಜೋರಾಗಿ ಹಾಕಿದಾಗ ಹಿಂದಕ್ಕೆ ಬರುವ ಲಾರಿ ಯಾರಿಗೂ ಕೇಳಿಸುವುದಿಲ್ಲ. ಸೀಟಿ ಹಿಡಿದ ಒಬ್ಬರನ್ನು ಅದಕ್ಕೆಂದೇ ನಿಲ್ಲಿಸಿ. ಭತ್ತ ಬರುವ ಸುಗ್ಗಿಯಲ್ಲಿ ಮಿಲ್ಲು ಕೇಳಲೇಬೇಡಿ, ಕೊಟ್ಟರೂ ಅರ್ಧಕ್ಕೆ ಎಬ್ಬಿಸುತ್ತಾರೆ.

ಹಕ್ಕಿನ ವಿಚಾರ. ಸಿನಿಮಾ ಹಾಡಿನಲ್ಲಿ ಸಾಹಿತ್ಯ, ಸಂಗೀತ, ಧ್ವನಿಮುದ್ರಣ ಎಂಬ ಬೇರೆ ಬೇರೆ ಹಕ್ಕುಗಳಿವೆ. ಅದನ್ನು ದೃಶ್ಯದೊಂದಿಗೆ ಕೂಡಿಸಲು ಹಕ್ಕುದಾರರ ಅನುಮತಿ ಬೇಕು. ‘ಮೂವತ್ತು ಸೆಕೆಂಡಿನವರೆಗೆ ತೊಂದರೆಯಿಲ್ಲ’ ಎಂಬ ನಿಯಮ ಕಾನೂನಿನಲ್ಲಿ ಎಲ್ಲೂ ಇಲ್ಲ. ನೀವೇ ಹೊಸದಾಗಿ ಹಾಡಿಸಿದರೂ ಧ್ವನಿಮುದ್ರಣದ ಹಕ್ಕಷ್ಟೇ ತಪ್ಪುತ್ತದೆ, ಸಾಹಿತ್ಯ ಸಂಗೀತದ್ದು ಉಳಿಯುತ್ತದೆ. ಕೃತಿಸ್ವಾಮ್ಯ ಕಾಯ್ದೆಯ 31ಸಿ ಕಲಮು ಹಳೆಯ ಹಾಡನ್ನು ಮತ್ತೆ ಹಾಡಲು ಕೊಡುವ ಅವಕಾಶ ಧ್ವನಿಮುದ್ರಣಕ್ಕೆ ಮಾತ್ರ, ದೃಶ್ಯಕ್ಕೆ ಅಲ್ಲ. ಹಕ್ಕಿರುವ ಹಾಡನ್ನು ತಾನೇ ಗುರುತಿಸುವ ಯೂಟ್ಯೂಬಿನ ಕಂಟೆಂಟ್ ಐಡಿ ವ್ಯವಸ್ಥೆ ಹಿಡಿದರೆ ಕಂತಿನ ಹಣ ಹಕ್ಕುದಾರರಿಗೆ ಹೋಗಬಹುದು, ಕಂತೇ ಮರೆಯಾಗಲೂಬಹುದು. ಉಚಿತವೆಂದು ಇಳಿಸಿಕೊಂಡ ತಾಳದ ಲೂಪುಗಳಿಗೂ (ಮತ್ತೆ ಮತ್ತೆ ಓಡುವ ತುಣುಕುಗಳು) ಇಂಥ ತಕರಾರು ಬರುತ್ತದೆ, ಪರವಾನಗಿಯ ಪ್ರತಿ ಇಟ್ಟುಕೊಳ್ಳಿ.

ಹಾಗೆಂದು ಹಳೆಯದಕ್ಕೆಲ್ಲ ಬಾಗಿಲು ಮುಚ್ಚಿಲ್ಲ. ಕರ್ತೃ ತೀರಿ 60 ವರ್ಷ ಕಳೆದ ಸಾಹಿತ್ಯ ಮುಕ್ತ. ರಾಯಚೂರು ಸೀಮೆಯ ವಿಜಯದಾಸರು, ಮಾನ್ವಿಯ ಜಗನ್ನಾಥದಾಸರ ಪದಗಳಿವೆ, ತತ್ವಪದಗಳಿವೆ. ಆದರೆ ಈಚಿನವರು ಕೂರಿಸಿದ ರಾಗಸಂಯೋಜನೆ, ಅದರ ಧ್ವನಿಮುದ್ರಣ ಮುಕ್ತವಲ್ಲ. ಪದ ತೆಗೆದುಕೊಂಡು ರಾಗ ನೀವೇ ಕೂರಿಸಿ. ದೊಡ್ಡಾಟದ ಮೇಳದವರಿಗೆ, ಮೊಹರಂನ ರಿವಾಯತ್ ಪದ ಹೇಳುವವರಿಗೆ ಸಂಭಾವನೆ ಕೊಟ್ಟು, ಒಪ್ಪಿಗೆಯನ್ನು ಕನ್ನಡದಲ್ಲಿ ಒಂದು ಹಾಳೆಯ ಮೇಲೆ ಬರೆಸಿ, ಹೆಸರನ್ನು ತೆರೆಯ ಮೇಲೆ ಹಾಕಿ. ಹಾಡು ಬರೆದ, ಸಂಗೀತ ಕೊಟ್ಟ ಗೆಳೆಯರೊಂದಿಗೂ ಬರವಣಿಗೆಯ ಒಪ್ಪಂದವಿರಲಿ. 2012ರ ತಿದ್ದುಪಡಿಯ ನಂತರ ಅವರ ರಾಯಲ್ಟಿ ಪಾಲನ್ನು ಬಿಟ್ಟುಕೊಡಿಸಿಕೊಳ್ಳುವಂತಿಲ್ಲ.

ಮಿಕ್ಸಿಂಗಿನಲ್ಲಿ ಹಾಡು ಮಾತಿಗಿಂತ ಎರಡು ಮೂರು ಡೆಸಿಬೆಲ್‌ಗಿಂತ ಹೆಚ್ಚು ಜೋರಾಗಬಾರದು. ನೋಡುವವರು ಸದ್ದು ಕಡಿಮೆ ಮಾಡಲು ಕೈ ಹಾಕಿದರೆ ಆಮೇಲಿನ ಮಾತು ಕೇಳಿಸದು. ಒಟ್ಟು ಮಟ್ಟ ಮೈನಸ್ 14 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಜೋರಿನ ಅಳತೆ) ಹತ್ತಿರ ಇರಲಿ, ಯೂಟ್ಯೂಬ್ ಅದಕ್ಕಿಂತ ಜೋರಾದದ್ದನ್ನು ತಾನೇ ತಗ್ಗಿಸುತ್ತದೆ. ಕಂಠ ಎಲ್ಲಕ್ಕಿಂತ ಮುಂದೆ ಇರಲಿ, ಈ ಕಂತಿನಲ್ಲಿ ಒಂದು ಪದ ತಪ್ಪಿದರೂ ಕತೆಯ ಒಂದು ಕೊಂಡಿ ತಪ್ಪುತ್ತದೆ. ಹಾಡಿನ ಸಾಲುಗಳನ್ನು ಕನ್ನಡದಲ್ಲೇ ಕೆಳಗೆ ಹಾಕಿ. ಮೊಬೈಲಿನ ಸಣ್ಣ ಸ್ಪೀಕರಿನಲ್ಲಿ 200 ಹರ್ಟ್ಸಿಗಿಂತ ಕೆಳಗಿನ ಸದ್ದು ಬಹುತೇಕ ಕೇಳುವುದಿಲ್ಲ, ಮದ್ದಳೆಯ ಎಡಗೈ ಪೂರ್ತಿ ಮಾಯವಾಗುತ್ತದೆ. ಲಯವನ್ನು ತಾಳದ ಜೋಡಿಯಲ್ಲೋ ಹಾರ್ಮೋನಿಯಂನಲ್ಲೋ ಕೂಡ ಹಿಡಿದಿಡಿ. ಅಂತಿಮ ಫೈಲನ್ನು ಹೆಡ್‌ಫೋನಿನಲ್ಲಿ ಕೇಳಿ ಒಪ್ಪಬೇಡಿ. ಸಾಧಾರಣ ಬೆಲೆಯ ಎರಡು ಬೇರೆ ಬೇರೆ ಮೊಬೈಲುಗಳಲ್ಲಿ, ಫ್ಯಾನು ತಿರುಗುವ ಕೋಣೆಯಲ್ಲಿ, ಸಾಹಿತ್ಯ ಮೊದಲು ಓದಿರದ ಒಬ್ಬರಿಗೆ ಕೇಳಿಸಿ. ಪತ್ರ ಅಡ ಇಟ್ಟದ್ದು ಯಾರು ಎಂದು ಅವರು ಐದನೇ ಹಾಡು ಮುಗಿದ ಕೂಡಲೇ ಹೇಳಿದರೆ ಕಂತನ್ನು ಏರಿಸಿ, ಹೇಳದಿದ್ದರೆ ಆ ಹಾಡಿನ ವಾದ್ಯಗಳನ್ನು ಇಳಿಸಿ ಮತ್ತೆ ಮಿಕ್ಸ್ ಮಾಡಿ.